ಮಧ್ಯಂತರ ರಕ್ಷಣಾ ಆದೇಶ ಕೈಗೆ ಬಂದಾಗ ಗಂಡನ ಮನೆಯವರು ಮೊದಲು ಮಾಡಬೇಕಾದದ್ದೇನು?

ಕಾಗಿಣಾ ದಂಡೆ (ಚಿತ್ತಾಪುರ ತಾಲ್ಲೂಕು)

ಎಲ್ಲರಿಗೂ ಶರಣು. ನನ್ನ ತಮ್ಮ ಪುಣೆಯಲ್ಲಿ ನೌಕರಿ ಮಾಡುತ್ತಾನೆ. ಅವನ ಹೆಂಡತಿ ಕೆಲವು ತಿಂಗಳಿಂದ ಬಸವಕಲ್ಯಾಣದ ತಮ್ಮ ತವರಿನಲ್ಲಿದ್ದು, ಅಲ್ಲಿಯ ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದಾರೆ. ಕಳೆದ ವಾರ ನಮ್ಮ ಮನೆಗೆ ಕೌಟುಂಬಿಕ ಹಿಂಸೆ ಕಾಯ್ದೆಯಡಿ ನೋಟಿಸ್ ಬಂದಿದೆ. ಅದರಲ್ಲಿ ತಮ್ಮ ಒಂದನೇ ಎದುರುದಾರ, ತಾಯಿ ಎರಡನೆಯವರು, ಸೇಡಂಗೆ ಕೊಟ್ಟಿರುವ ತಂಗಿ ಮೂರನೆಯವಳು, ನಾನು ನಾಲ್ಕನೆಯವನು. ನೋಟಿಸಿನ ಜೊತೆಗೆ ಮಧ್ಯಂತರ ಆದೇಶದ ಪ್ರತಿಯೂ ಇದೆ. ತಮ್ಮನು ಆಕೆಯನ್ನು ಯಾವುದೇ ರೀತಿಯಲ್ಲಿ ಸಂಪರ್ಕಿಸಬಾರದು, ಶಾಲೆಯ ಬಳಿ ಹೋಗಬಾರದು, ಜಂಟಿ ಖಾತೆಯಿಂದ ಹಣ ತೆಗೆಯಬಾರದು ಎಂದು ಅದರಲ್ಲಿ ಬರೆದಿದೆ.

ಊರಿನ ಹಿರಿಯರು, "ಕೋರ್ಟು ಕಚೇರಿ ಯಾಕೆ, ನಾಲ್ಕು ಮಂದಿ ಹೋಗಿ ಅವರ ಮನೆಯಲ್ಲಿ ಕೂತು ಮಾತಾಡಿ ಬರೋಣ" ಎನ್ನುತ್ತಿದ್ದಾರೆ. ತಾಯಿಗೆ ಮಂಡಿನೋವು, ಅಷ್ಟು ದೂರ ಪ್ರತಿ ತಾರೀಖಿಗೂ ಬಸ್ಸಿನಲ್ಲಿ ಹೋಗಿಬರುವುದು ಆಗದ ಮಾತು. ತಮ್ಮನಂತೂ "ಒಂದೇ ಒಂದು ಸಲ ಫೋನಿನಲ್ಲಿ ಮಾತಾಡುತ್ತೇನೆ" ಎಂದು ಹಟ ಹಿಡಿದಿದ್ದಾನೆ. ನಾವೀಗ ಏನು ಮಾಡಬೇಕು?

ವಕೀಲರು, ಕಲಬುರಗಿ

ಮೊದಲು ನಿಮ್ಮ ತಮ್ಮನ ಹಟದ ವಿಷಯ ಹೇಳುತ್ತೇನೆ. ಅವರು ಫೋನ್ ಮಾಡಬಾರದು. ಸಂದೇಶ ಕಳಿಸಬಾರದು, ಗೆಳೆಯನ ಮೊಬೈಲಿನಿಂದಲೂ ಕಳಿಸಬಾರದು, ಹಬ್ಬದ ಶುಭಾಶಯವನ್ನೂ ಕಳಿಸಬಾರದು. 2005ರ ಕಾಯ್ದೆಯ 18ನೇ ಕಲಮಿನಲ್ಲಿ ಖುದ್ದಾಗಿ, ಬಾಯಿಮಾತಿನಿಂದ, ಬರಹದಿಂದ, ದೂರವಾಣಿಯಿಂದ, ಎಲೆಕ್ಟ್ರಾನಿಕ್ ಸಾಧನದಿಂದ ಎಂದು ಸಂಪರ್ಕದ ಎಲ್ಲ ದಾರಿಗಳನ್ನೂ ಹೆಸರಿಸಲಾಗಿದೆ. ಸಂಪರ್ಕಕ್ಕೆ ಯತ್ನಿಸುವುದೂ ಅದರೊಳಗೆ ಬರುತ್ತದೆ. ಆದೇಶ ಮಧ್ಯಂತರದ್ದೇ ಆಗಿರಲಿ, ಅದನ್ನು ಮುರಿದರೆ 31ನೇ ಕಲಮಿನಂತೆ 1 ವರ್ಷದವರೆಗೆ ಸೆರೆವಾಸ ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಆ ಅಪರಾಧ ಸಂಜ್ಞೇಯವೂ (ವಾರಂಟ್ ಇಲ್ಲದೆಯೇ ಪೊಲೀಸರು ಬಂಧಿಸಬಹುದಾದದ್ದು) ಹೌದು, ಜಾಮೀನುರಹಿತವೂ ಹೌದು. ಅದಕ್ಕಿಂತ ಮುಖ್ಯವಾಗಿ, ಉಲ್ಲಂಘನೆ ನಡೆದಿದೆ ಎಂಬುದಕ್ಕೆ ಆ ಮಹಿಳೆಯೊಬ್ಬರ ಸಾಕ್ಷ್ಯವೇ ಸಾಕೆಂದು ನ್ಯಾಯಾಲಯ ತೀರ್ಮಾನಿಸಲು 32ನೇ ಕಲಮು ಅವಕಾಶ ಕೊಡುತ್ತದೆ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. 12ನೇ ಕಲಮಿನ ಅರ್ಜಿಯಲ್ಲಿ ನಿಮ್ಮ ತಮ್ಮ ಆರೋಪಿಯಲ್ಲ, ಎದುರುದಾರ ಮಾತ್ರ. ಕೇಸು ಮ್ಯಾಜಿಸ್ಟ್ರೇಟರ ಮುಂದೆ ಕ್ರಿಮಿನಲ್ ಮಿಸಲೇನಿಯಸ್ ಎಂದು ನೋಂದಣಿಯಾಗಿದ್ದರೂ ಕೇಳಿರುವ ಪರಿಹಾರಗಳು ಸಿವಿಲ್ ಸ್ವರೂಪದವು. ಆದೇಶ ಮುರಿದ ದಿನವೇ ಅವರು ಆರೋಪಿಯಾಗುತ್ತಾರೆ. ಬೇರೆ ಯಾರೂ ಅವರನ್ನು ಆ ಸ್ಥಾನಕ್ಕೆ ತಳ್ಳಬೇಕಾಗಿಲ್ಲ, ಅವರ ಮೊಬೈಲೇ ತಳ್ಳುತ್ತದೆ.

ಹಿರಿಯರನ್ನೂ ಈಗ ಕಳಿಸಬೇಡಿ. ಒಳ್ಳೆಯ ಮನಸ್ಸಿನಿಂದಲೇ ಹೊರಟಿರಬಹುದು, ಆದರೆ ಆದೇಶವಿರುವಾಗ ನಾಲ್ಕು ಮಂದಿ ಗಂಡಸರು ಒಬ್ಬ ಹೆಣ್ಣುಮಗಳ ತವರಿನ ಬಾಗಿಲಲ್ಲಿ ನಿಂತರೆ ಅದು ಒತ್ತಡವೆಂದೇ ದಾಖಲಾಗುತ್ತದೆ. ಮಾತುಕತೆ ಬೇಕೆಂದರೆ ದಾರಿಯಿದೆ. 14ನೇ ಕಲಮಿನಡಿ ಆಪ್ತಸಮಾಲೋಚನೆಗೆ ಕಳಿಸುವಂತೆ, ಅಥವಾ ಪ್ರಕರಣವನ್ನು ಮಧ್ಯಸ್ಥಿಕೆಗೆ ಒಪ್ಪಿಸುವಂತೆ ನಿಮ್ಮ ವಕೀಲರು ನ್ಯಾಯಾಲಯವನ್ನೇ ಕೇಳಬಹುದು.

ತಾಯಿಯವರ ವಿಷಯದಲ್ಲಿ ಚಿಂತೆ ಬೇಡ. ವಕಾಲತ್ತು ಹಾಕಿದ ಮೇಲೆ ವಕೀಲರ ಮೂಲಕ ಹಾಜರಾತಿ ನಡೆಯುತ್ತದೆ. ಈ ಕಾಯ್ದೆಯಡಿಯ ನಡಾವಳಿಗೆ ಎದುರುದಾರನ ಖುದ್ದು ಹಾಜರಾತಿ ಅಗತ್ಯವಿಲ್ಲವೆಂದು ಸುಪ್ರೀಂ ಕೋರ್ಟ್ 2025ರ ಫೆಬ್ರವರಿಯಲ್ಲಿ ಹೇಳಿದೆ. ಹಾಗೆಂದು ಯಾರೂ ಹೋಗದೆ, ವಕೀಲರನ್ನೂ ಇಡದೆ ಸುಮ್ಮನಿದ್ದರೆ ಏಕಪಕ್ಷೀಯ ಆದೇಶವಾಗುತ್ತದೆ.

ತೊಗರಿ ಹೊಲ (ಸೇಡಂ)

ವಕೀಲ ಸಾಹೇಬರು ಎದುರು ಪಕ್ಷದವರ ಹಾಗೆ ಮಾತಾಡುತ್ತಿದ್ದಾರೆ. ಇಂಥ ಕೇಸುಗಳು ಎಷ್ಟರಮಟ್ಟಿಗೆ ಸುಳ್ಳು ಎಂಬುದು ನಮ್ಮ ಭಾಗದಲ್ಲಿ ಎಲ್ಲರಿಗೂ ಗೊತ್ತು. ಒಬ್ಬರ ಮಾತು ಮಾತ್ರ ಕೇಳಿ ಆದೇಶ ಕೊಡುವುದು ಯಾವ ನ್ಯಾಯ? ಅದೂ ನಮ್ಮ ಜಿಲ್ಲೆಯ ಮನೆಗೆ ಬೀದರ ಜಿಲ್ಲೆಯ ಕೋರ್ಟಿನಿಂದ! ಮೊದಲು ಆ ಹುಡುಗಿಯ ಮೇಲೆ, ಅವಳ ತಂದೆತಾಯಿಯ ಮೇಲೆ ಒಂದು ಮಾನನಷ್ಟದ ಕೇಸು ಹಾಕಿ, ಆಮೇಲೆ ಅವರಾಗಿಯೇ ಬರುತ್ತಾರೆ.

ಸಮಾಲೋಚಕಿ (ಯಾದಗಿರಿ)

ಅಣ್ಣಾವರೇ, ನಾನು ಮಹಿಳಾ ಸಹಾಯ ಕೇಂದ್ರವೊಂದರಲ್ಲಿ ಹಲವು ವರ್ಷ ಕೆಲಸ ಮಾಡಿದವಳು. ಕೆಲವು ಅರ್ಜಿಗಳಲ್ಲಿ ಸೇರಿಸಿ ಬರೆದ ಮಾತುಗಳಿರುತ್ತವೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ಕೇಂದ್ರಕ್ಕೆ ಬಂದ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಕೇಸು ಬೇಡ, ಹೊಡೆತ ನಿಂತರೆ ಸಾಕು ಎಂದೇ ಮಾತು ಶುರು ಮಾಡುತ್ತಿದ್ದರು. ಹಿರಿಯರು ಎರಡು ಮೂರು ಸಲ ಕೂಡಿಸಿ "ಹೊಂದಿಕೊಂಡು ಹೋಗವ್ವ" ಎಂದು ಕಳಿಸಿದ ಮೇಲೆಯೇ ಅವರು ಬರುತ್ತಿದ್ದದ್ದು. ಆಕೆಯ ಪಾಲಿಗೆ ಆ ಹಿರಿಯರ ಕೂಟವೂ ಹೆದರಿಕೆಯ ಭಾಗವೇ ಆಗಿರುತ್ತದೆ ಎಂಬುದು ಗಂಡನ ಮನೆಯವರಿಗೆ ಹೊಳೆಯುವುದೇ ಇಲ್ಲ.

ಒಬ್ಬರ ಮಾತು ಕೇಳಿ ಆದೇಶ ಎಂಬ ನಿಮ್ಮ ಆಕ್ಷೇಪಕ್ಕೆ ಉತ್ತರವಿದೆ. 23ನೇ ಕಲಮಿನಡಿ ಪ್ರಮಾಣಪತ್ರದ, ಅಂದರೆ ಆಕೆ ಪ್ರಮಾಣ ಮಾಡಿ ಕೊಟ್ಟ ಬರಹದ, ಆಧಾರದ ಮೇಲೆ ತುರ್ತು ಆದೇಶ ಕೊಡುವುದು ಕಾನೂನು ರೂಪಿಸಿದವರು ಬೇಕೆಂದೇ ಇಟ್ಟ ಏರ್ಪಾಡು, ಏಕೆಂದರೆ ನೋಟಿಸ್ ತಲುಪಿ ಉತ್ತರ ಬರುವವರೆಗಿನ ದಿನಗಳೇ ಹೆಚ್ಚು ಅಪಾಯದವು. ಆ ಆದೇಶದಿಂದ ಯಾರೂ ತಪ್ಪಿತಸ್ಥರಾಗುವುದಿಲ್ಲ. ತವರಿನ ಊರಿನಲ್ಲಿ ಅರ್ಜಿ ಹಾಕಿದ್ದೂ ಸರಿಯೇ. ಆಕೆ ತಾತ್ಕಾಲಿಕವಾಗಿ ವಾಸಿಸುವ ಅಥವಾ ನೌಕರಿ ಮಾಡುವ ಸ್ಥಳದ ನ್ಯಾಯಾಲಯಕ್ಕೂ 27ನೇ ಕಲಮು ಅಧಿಕಾರ ಕೊಟ್ಟಿದೆ.

ಕಾರಂಜಾ (ಬೀದರ್)

ಮಾನನಷ್ಟದ ಕೇಸಿನ ಸಲಹೆ ಕೊಟ್ಟವರಿಗೆ ಒಂದು ಮಾತು. ನಮ್ಮ ಸಂಬಂಧಿಕರ ಮನೆಯಲ್ಲಿ ಇದೇ ಆಯಿತು. ಆದೇಶ ಬಂದ ಮೇಲೆ ಹುಡುಗನ ಸೋದರಮಾವ ಹುಡುಗಿಯ ತಂದೆಗೆ ಫೋನ್ ಮಾಡಿ, "ಕೇಸು ವಾಪಸು ತೆಗೆದುಕೊಳ್ಳದಿದ್ದರೆ ನಾವೂ ಹಾಕುತ್ತೇವೆ" ಎಂದರು. ಆ ಮಾತು ಅತ್ತಲಿನ ಫೋನಿನಲ್ಲಿ ರೆಕಾರ್ಡ್ ಆಗಿತ್ತು. ಮುಂದಿನ ತಾರೀಖಿಗೆ ಅದೇ ಮೊದಲು ಹಾಜರಾಯಿತು. ಅಲ್ಲಿಯವರೆಗೆ ನಮ್ಮವರ ಹತ್ತಿರ ಒಳ್ಳೆಯ ಉತ್ತರಗಳಿದ್ದವು. ಹುಡುಗ ಪ್ರತಿ ತಿಂಗಳು ಹಣ ಕಳಿಸಿದ ಬ್ಯಾಂಕಿನ ದಾಖಲೆಯಿತ್ತು. ಆದರೆ ಆ ರೆಕಾರ್ಡಿಂಗ್ ಬಂದ ಮೇಲೆ ಬ್ಯಾಂಕಿನ ಹಾಳೆಯನ್ನು ಯಾರೂ ತಿರುವಿ ನೋಡಲಿಲ್ಲ.

ಕಾಗಿಣಾ ದಂಡೆ (ಚಿತ್ತಾಪುರ ತಾಲ್ಲೂಕು)

ಹಿರಿಯರಿಗೆ ಸದ್ಯ ಬೇಡವೆಂದು ಹೇಳಿದ್ದೇನೆ. ತಮ್ಮನೂ ಒಪ್ಪಿದ್ದಾನೆ. ಆಕೆಯ ನಂಬರನ್ನು ಅವನ ಫೋನಿನಿಂದ ಅಳಿಸೋಣವೆಂದರೆ ಅದರಲ್ಲಿ ಹಳೆಯ ಸಂದೇಶಗಳಿವೆ, ಅವು ನಮಗೆ ಬೇಕಾಗಬಹುದೇ? ಇನ್ನೊಂದು ಸಂಗತಿ: ನನ್ನ ತಂಗಿಯ ಮದುವೆ ತಮ್ಮನ ಮದುವೆಗಿಂತ ಮೊದಲೇ ಆಗಿದೆ. ಆಕೆ ಹಬ್ಬಕ್ಕೆ ಬಂದು ಹೋದದ್ದು ಬಿಟ್ಟರೆ ಆ ಸೊಸೆಯೊಂದಿಗೆ ಒಂದೇ ಮನೆಯಲ್ಲಿ ಬಾಳಿದವಳಲ್ಲ. ಆದರೂ ವರದಕ್ಷಿಣೆಗೆ ಪೀಡಿಸಿದಳೆಂದು ಅರ್ಜಿಯಲ್ಲಿ ಹೆಸರಿದೆ. ನಮ್ಮ ತಾಯಿಯನ್ನು ಮನೆಯಿಂದ ಹೊರಗೆ ಹಾಕುತ್ತಾರೆಂದು ಯಾರೋ ಹೆದರಿಸಿದ್ದಾರೆ, ಅವರು ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ.

ವಕೀಲರು, ಕಲಬುರಗಿ

ತಾಯಿಯವರಿಗೆ ಇಂದೇ ಹೇಳಿ: ಮನೆ ಬಿಟ್ಟು ಹೊರಗೆ ಹೋಗಿ ಎಂಬ ಆದೇಶವನ್ನು ಮಹಿಳೆಯ ವಿರುದ್ಧ ಕೊಡುವಂತಿಲ್ಲ ಎಂದು 19ನೇ ಕಲಮಿನಲ್ಲೇ ಬರೆದಿದೆ. ಸೊಸೆಗೆ ಆ ಮನೆಯಲ್ಲಿ ವಾಸಿಸುವ ಹಕ್ಕು ಇರುವುದು ಬೇರೆ ಮಾತು. ಮನೆ ಮಾವನ ಅಥವಾ ಅತ್ತೆಯ ಹೆಸರಿನಲ್ಲಿದ್ದರೂ ಅದು ಹಂಚಿಕೊಂಡು ಬಾಳಿದ ಮನೆಯಾಗಬಹುದೆಂದು 2020ರ ಅಕ್ಟೋಬರಿನಲ್ಲಿ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಆದ್ದರಿಂದ "ಮನೆ ತಾಯಿಯ ಹೆಸರಿನಲ್ಲಿದೆ, ಆಕೆಗೆ ಹಕ್ಕಿಲ್ಲ" ಎಂಬ ಹಳೆಯ ವಾದವನ್ನು ಆಕ್ಷೇಪಣೆಯಲ್ಲಿ ಬರೆಸಬೇಡಿ, ಅದು ಈಗ ನಿಲ್ಲುವುದಿಲ್ಲ.

ತಂಗಿಯ ವಿಷಯದಲ್ಲಿ ನಿಮಗೆ ಗಟ್ಟಿಯಾದ ನೆಲೆಯಿದೆ. 2016ರ ಹಿರಲ್ ಹರ್ಸೋರಾ ತೀರ್ಪಿನ ನಂತರ ಹೆಂಗಸರನ್ನೂ ಎದುರುದಾರರಾಗಿ ಸೇರಿಸಬಹುದು ಎಂಬುದು ನಿಜ. ಆದರೆ ಯಾರೇ ಎದುರುದಾರರಾದರೂ ಅರ್ಜಿದಾರರೊಂದಿಗೆ ಕೌಟುಂಬಿಕ ಸಂಬಂಧ ಇರಬೇಕು, ಅಂದರೆ ಯಾವುದಾದರೂ ಒಂದು ಕಾಲದಲ್ಲಿ ಇಬ್ಬರೂ ಒಂದೇ ಮನೆಯಲ್ಲಿ ಕೂಡಿ ಬಾಳಿರಬೇಕು. ತಂಗಿಯ ಮದುವೆಯ ದಾಖಲೆ, ಸೇಡಂನ ಪಡಿತರ ಚೀಟಿ, ಮಕ್ಕಳ ಶಾಲೆಯ ದಾಖಲಾತಿ ಇವನ್ನೆಲ್ಲ ಈಗಲೇ ಕೂಡಿಸಿ ಇಡಿ. ತಂಗಿಯ ಆಕ್ಷೇಪಣೆ ಪ್ರತ್ಯೇಕವಾಗಿಯೇ ಇರಲಿ. ನಾಲ್ವರಿಗೂ ಸೇರಿ ಒಂದೇ ಹೇಳಿಕೆ ಹಾಕಿದರೆ ಆಕೆಯ ಒಳ್ಳೆಯ ಅಂಶ ತಮ್ಮನ ಜಗಳದ ಕಥೆಯೊಳಗೆ ಮುಳುಗಿಹೋಗುತ್ತದೆ.

ಸಂದೇಶಗಳನ್ನು ಅಳಿಸಬೇಡಿ, ಫೋನು ಬದಲಿಸಬೇಡಿ, ಹಳೆಯ ಫೋನನ್ನು ಮಾರಬೇಡಿ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಎಲೆಕ್ಟ್ರಾನಿಕ್ ದಾಖಲೆಯ ಜೊತೆಗೆ ನಿಗದಿತ ನಮೂನೆಯ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಬೇಕಾದ ನಾಲ್ಕು ಸಾಲಿನ ಸ್ಕ್ರೀನ್‌ಶಾಟ್ ತೆಗೆದು ಉಳಿದದ್ದನ್ನು ಅಳಿಸಿದವರು ಪಾಟಿ ಸವಾಲಿನಲ್ಲಿ ತಡವರಿಸುವುದನ್ನು ನಾನು ಕಂಡಿದ್ದೇನೆ. ನಿಮಗೆ ಮುಜುಗರವಾಗುವ ಸಂದೇಶ ಅದರಲ್ಲಿದ್ದರೆ ಅದನ್ನೇ ಮೊದಲು ವಕೀಲರಿಗೆ ತೋರಿಸಿ.

ಇನ್ನು ಆಕ್ಷೇಪಣೆ ಬರೆಯುವ ಬಗೆ. ನೋಟಿಸಿನೊಂದಿಗೆ ಕೌಟುಂಬಿಕ ಘಟನಾ ವರದಿ ಬಂದಿದ್ದರೆ ತೆಗೆದು ನೋಡಿ. ಅದರಲ್ಲಿ ದೈಹಿಕ, ಲೈಂಗಿಕ, ಮಾತಿನ ಮತ್ತು ಭಾವನಾತ್ಮಕ, ಆರ್ಥಿಕ ಹಿಂಸೆ ಎಂದು ಬೇರೆ ಬೇರೆ ಭಾಗಗಳಿದ್ದು, ಪ್ರತಿಯೊಂದರ ಮುಂದೆ ಗುರುತು ಹಾಕಿರುತ್ತಾರೆ. ಯಾವುದಕ್ಕೆ ಗುರುತಿದೆ, ಅರ್ಜಿಯ ಯಾವ ಪ್ಯಾರಾದಲ್ಲಿ ಅದರ ವಿವರವಿದೆ, ದಿನಾಂಕವಿದೆಯೇ ಎಂದು ಪೆನ್ಸಿಲಿನಿಂದ ಬದಿಯಲ್ಲಿ ಬರೆದುಕೊಳ್ಳಿ. ಒಂದು ನಿರ್ದಿಷ್ಟ ದಿನ ಚಿತ್ತಾಪುರದ ಮನೆಯಲ್ಲಿ ಹೊಡೆದರು ಎಂದಿದ್ದು, ಆ ದಿನ ತಮ್ಮ ಪುಣೆಯ ಕಚೇರಿಯಲ್ಲಿದ್ದರೆ ಹಾಜರಾತಿಯ ದಾಖಲೆ ತರಿಸಿ. ದಿನಾಂಕವೇ ಇಲ್ಲದ ಆರೋಪವಿದ್ದರೆ ಅದನ್ನೂ ಹೇಳಿ. ನಡೆದದ್ದಿದ್ದರೆ ನಡೆದಿಲ್ಲವೆಂದು ಪ್ರಮಾಣ ಮಾಡಬೇಡಿ. "ಪ್ಯಾರಾ 3ರಿಂದ 27ರವರೆಗೆ ಎಲ್ಲವೂ ಸುಳ್ಳು" ಎಂಬ ಒಂದು ಸಾಲಿನ ಉತ್ತರ ಕೊಟ್ಟು, ಆಮೇಲೆ ಹತ್ತು ಪುಟ ಆಕೆಯ ನಡತೆಯನ್ನು ಹಳಿಯುವ ಆಕ್ಷೇಪಣೆಗಳು ನಮ್ಮ ಕಡೆ ಬಹಳ. ಅವು ಓದುವವರ ಮನಸ್ಸು ಕೆಡಿಸುತ್ತವೆ, ಕೆಲವೊಮ್ಮೆ ಮಾತಿನ ಹಿಂಸೆಗೆ ಹೊಸ ಪುರಾವೆಯೂ ಆಗುತ್ತವೆ. ಕಕ್ಷಿದಾರರ ಸಿಟ್ಟನ್ನು ಟೈಪ್ ಮಾಡಿಕೊಡುವುದು ವಕೀಲರ ಕೆಲಸವಲ್ಲ ಎಂಬುದು ನನ್ನ ಅಭಿಪ್ರಾಯ.

ತೊಗರಿ ಹೊಲ (ಸೇಡಂ)

ಫೋನ್ ರೆಕಾರ್ಡಿಂಗಿನ ಸಂಗತಿ ನನಗೆ ಗೊತ್ತಿರಲಿಲ್ಲ, ಇರಲಿ. ಆದರೆ ಇವರು ಹೀಗೆ ಕಾಗದ ಕೂಡಿಸುತ್ತಾ ಕೂತಿರುವಾಗ ಅತ್ತಲಿಂದ ಠಾಣೆಯಲ್ಲಿ ಹೆಂಡತಿಗೆ ಕ್ರೌರ್ಯವೆಸಗಿದರೆಂಬ 498ಎ ಕೇಸು ದಾಖಲಾದರೆ? ನಾಲ್ವರನ್ನೂ ಹಿಡಿದು ಒಳಗೆ ಹಾಕುವುದಿಲ್ಲವೇ?

ವಕೀಲರು, ಕಲಬುರಗಿ

ಇದು ಕೇಳಬೇಕಾದ ಪ್ರಶ್ನೆ. ಅದು ಬೇರೆಯದೇ ಹಳಿ, ಎರಡನ್ನೂ ಬೆರೆಸಬಾರದು. 2024ರ ಜುಲೈ 1ರ ನಂತರದ ಘಟನೆಗಳಿಗೆ 498ಎ ಬದಲು ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳು ಅನ್ವಯಿಸುತ್ತವೆ. ಶಿಕ್ಷೆ ಮೊದಲಿನಂತೆಯೇ 3 ವರ್ಷದವರೆಗಿನ ಸೆರೆವಾಸ ಮತ್ತು ದಂಡ. ಅದಕ್ಕಿಂತ ಹಿಂದಿನ ಘಟನೆಗಳಾದರೆ 498ಎ ಕಲಮೇ.

ಎಫ್‌ಐಆರ್ ಆದ ಕೂಡಲೇ ಬಂಧನ ಎಂಬ ಕಾಲ ಹೋಗಿದೆ. 2014ರ ಜುಲೈ 2ರಂದು ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬಂಧನ ಏಕೆ ಬೇಕು ಎಂಬುದಕ್ಕೆ ಪೊಲೀಸರು ಕಾರಣ ದಾಖಲಿಸಬೇಕು, ಮ್ಯಾಜಿಸ್ಟ್ರೇಟರೂ ಅದನ್ನು ಪರಿಶೀಲಿಸಬೇಕು ಎಂದು ಕಟ್ಟುನಿಟ್ಟಾಗಿ ಹೇಳಿದೆ. ಸಾಮಾನ್ಯವಾಗಿ ಠಾಣೆಯಿಂದ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 35(3)ನೇ ಕಲಮಿನ ನೋಟಿಸ್ ಬರುತ್ತದೆ. ಆ ನೋಟಿಸಿನ ಪ್ರಕಾರ ಹೋಗಿ ಹೇಳಿಕೆ ಕೊಡುವವರನ್ನು ಕಾರಣ ದಾಖಲಿಸದೆ ಬಂಧಿಸುವಂತಿಲ್ಲ. ಹೆದರಿ ಪುಣೆಗೋ ಹೈದರಾಬಾದಿಗೋ ಓಡಿದರೆ ಬಂಧನಕ್ಕೆ ನೀವೇ ಕಾರಣ ಒದಗಿಸಿದಂತೆ. ಬಂಧನದ ಭಯ ನಿಜವಾಗಿಯೂ ಇದ್ದರೆ 482ನೇ ಕಲಮಿನಡಿ ಸೆಷನ್ಸ್ ನ್ಯಾಯಾಲಯದಲ್ಲಿ ನಿರೀಕ್ಷಣಾ ಜಾಮೀನಿಗೆ ಅರ್ಜಿ ಹಾಕಬಹುದು. ಹಳೆಯ ಸಂಹಿತೆಯಲ್ಲಿ 482 ಎಂದರೆ ಹೈಕೋರ್ಟಿನ ಅಂತರ್ಗತ ಅಧಿಕಾರ, ಹೊಸದರಲ್ಲಿ ನಿರೀಕ್ಷಣಾ ಜಾಮೀನು, ಹೀಗಾಗಿ ಹಳೆಯ ಅಭ್ಯಾಸದವರು ಈಗಲೂ ಎಡವುತ್ತಾರೆ.

ತಾಯಿ, ತಂಗಿ, ಅಣ್ಣ ಎಂದು ಮನೆಯವರನ್ನೆಲ್ಲ ನಿರ್ದಿಷ್ಟ ವಿವರವಿಲ್ಲದೆ ಹೆಸರಿಸಿದ ಎಫ್‌ಐಆರ್ ಮುಂದುವರಿಯಬಾರದು ಎಂದು 2024ರ ಡಿಸೆಂಬರಿನಲ್ಲಿ ದಾರಾ ಲಕ್ಷ್ಮೀನಾರಾಯಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂಥ ಸಂದರ್ಭದಲ್ಲಿ ಅದರ ರದ್ದತಿಗೆ ನಾಗರಿಕ ಸುರಕ್ಷಾ ಸಂಹಿತೆಯ 528ನೇ ಕಲಮಿನಡಿ ಹೈಕೋರ್ಟಿಗೆ ಹೋಗಬಹುದು, ಬೆಂಗಳೂರಿನವರೆಗೆ ಅಲೆಯಬೇಕಾಗಿಲ್ಲ, ಪೀಠ ನಮ್ಮ ಕಲಬುರಗಿಯಲ್ಲೇ ಇದೆ. ಕೌಟುಂಬಿಕ ಹಿಂಸೆಯ ಅರ್ಜಿಯನ್ನೂ ಹೈಕೋರ್ಟ್ ರದ್ದುಪಡಿಸಬಹುದೆಂದು 2025ರ ಮೇ ತಿಂಗಳಲ್ಲಿ ತೀರ್ಪಾಗಿದೆ, ಆದರೆ ಅದು ಬಹಳ ಎಚ್ಚರದಿಂದ, ಅಪರೂಪಕ್ಕೆ ಬಳಸಬೇಕಾದ ಅಧಿಕಾರವೆಂದೂ ಅದೇ ತೀರ್ಪಿನಲ್ಲಿದೆ. ನೋಟಿಸ್ ಬಂದ ವಾರವೇ ರದ್ದತಿಗೆ ಓಡುವುದರಲ್ಲಿ ಅರ್ಥವಿಲ್ಲ.

ಕಾಗಿಣಾ ದಂಡೆ (ಚಿತ್ತಾಪುರ ತಾಲ್ಲೂಕು)

ಜೀವನಾಂಶವನ್ನೂ ಕೇಳಿದ್ದಾರೆ. ತಮ್ಮನ ಸಂಬಳದ ಜೊತೆಗೆ "ತೊಗರಿ ಬೆಳೆಯುವ ದೊಡ್ಡ ಜಮೀನು" ಎಂದೂ ಬರೆದಿದ್ದಾರೆ. ಜಮೀನು ಇರುವುದು ನಿಜ, ಆದರೆ ಪಹಣಿ ಇನ್ನೂ ತೀರಿಹೋದ ತಂದೆಯವರ ಹೆಸರಿನಲ್ಲಿದೆ, ಹಿಸ್ಸೆ ಆಗಿಲ್ಲ, ಸೊಸೈಟಿಯ ಸಾಲವೂ ಇದೆ. ಮದುವೆಯಲ್ಲಿ ಕೊಟ್ಟ ಭಾಂಡೆ ಸಾಮಾನು, ಅಲಮಾರಿ, ಮಂಚ, ಬಂಗಾರ ಎಲ್ಲದರ ಪಟ್ಟಿ ಕೊಟ್ಟು ವಾಪಸು ಕೇಳಿದ್ದಾರೆ. ಬಂಗಾರದಲ್ಲಿ ಸ್ವಲ್ಪ ಅವರ ಬಳಿಯೇ ಇದೆ. ತಮ್ಮ ನೌಕರಿ ಬಿಟ್ಟುಬಿಟ್ಟರೆ ಜೀವನಾಂಶ ಕೊಡಬೇಕಾಗಿಲ್ಲವೆಂದು ಒಬ್ಬರು ಹೇಳಿದರು, ಅದು ಹೌದೇ?

ವಕೀಲರು, ಕಲಬುರಗಿ

ಹಾಗೆ ಹೇಳಿದವರ ಸಲಹೆಯನ್ನು ಇನ್ನು ಮುಂದೆ ಯಾವ ವಿಷಯಕ್ಕೂ ಕೇಳಬೇಡಿ. ದುಡಿಯುವ ಶಕ್ತಿಯಿದ್ದವನು ಬೇಕೆಂದೇ ನೌಕರಿ ಬಿಟ್ಟರೆ ನ್ಯಾಯಾಲಯ ಅವನ ದುಡಿಮೆಯ ಸಾಮರ್ಥ್ಯವನ್ನು ಲೆಕ್ಕಕ್ಕೆ ಹಿಡಿಯುತ್ತದೆ. ನೌಕರಿಯಲ್ಲಿದ್ದು ಕೊಡದೆ ಹೋದರೆ, ಹಣವನ್ನು ನೇರವಾಗಿ ಆಕೆಗೆ ಕೊಡುವಂತೆ ಪುಣೆಯ ಕಂಪನಿಗೇ ನಿರ್ದೇಶಿಸಲು ಕೌಟುಂಬಿಕ ಹಿಂಸೆ ಕಾಯ್ದೆಯ 20ನೇ ಕಲಮಿನಲ್ಲಿ ಅವಕಾಶವಿದೆ.

2020ರ ನವೆಂಬರಿನ ರಜನೇಶ್ ವಿರುದ್ಧ ನೇಹಾ ತೀರ್ಪಿನಂತೆ ಇಬ್ಬರೂ ಆಸ್ತಿ ಮತ್ತು ಹೊಣೆಗಾರಿಕೆಗಳ ಪ್ರಮಾಣಪತ್ರ ಸಲ್ಲಿಸಬೇಕು. ನಿಮ್ಮಂಥ ಒಕ್ಕಲುತನದ ಮನೆಗಳಿಗೆ ಉಪಯೋಗವಾಗುವ ಸಂಗತಿಯೆಂದರೆ, ಆ ತೀರ್ಪಿನಲ್ಲಿ ಕೃಷಿಕರಿಗೆಂದೇ ಪ್ರತ್ಯೇಕ ನಮೂನೆಯಿದೆ. ಜಮೀನನ್ನು ಮುಚ್ಚಿಡಬೇಡಿ. ಪಹಣಿ, ವಾರಸುದಾರರು ಎಷ್ಟು ಜನ, ನೀರಾವರಿಯೋ ಒಣ ಬೇಸಾಯವೋ, ಸೊಸೈಟಿಯ ಸಾಲದ ಬಾಕಿ ಎಷ್ಟು ಎಲ್ಲವನ್ನೂ ಬರೆದರೆ "ದೊಡ್ಡ ಜಮೀನು" ಎಂಬ ಮಾತು ತಾನಾಗಿಯೇ ತನ್ನ ಅಳತೆಗೆ ಬರುತ್ತದೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಸುಳ್ಳು ಪ್ರಮಾಣದ ಪ್ರಶ್ನೆ ಎದುರಾಗುತ್ತದೆ. ಅವರು ಶಿಕ್ಷಕಿಯಾಗಿ ಪಡೆಯುವ ಸಂಬಳವನ್ನು ಅವರೂ ತಮ್ಮ ಪ್ರಮಾಣಪತ್ರದಲ್ಲಿ ತೋರಿಸಬೇಕು. ಆಕೆ ದುಡಿಯುತ್ತಾಳೆ ಎಂಬ ಒಂದೇ ಕಾರಣಕ್ಕೆ ಜೀವನಾಂಶ ತಪ್ಪುವುದಿಲ್ಲ, ಮೊತ್ತದ ಮೇಲೆ ಪರಿಣಾಮ ಬೀರುತ್ತದೆ ಅಷ್ಟೆ.

ಸಾಮಾನುಗಳ ವಿಷಯದಲ್ಲಿ ಜಗಳವೇ ಬೇಡ. ಪಟ್ಟಿಯನ್ನು ಮುಂದಿಟ್ಟುಕೊಂಡು ಮನೆಯಲ್ಲಿರುವ ಪ್ರತಿಯೊಂದಕ್ಕೂ ಗುರುತು ಹಾಕಿ, ಫೋಟೊ ತೆಗೆದು, ಇವಿಷ್ಟನ್ನು ನ್ಯಾಯಾಲಯ ಹೇಳಿದ ರೀತಿಯಲ್ಲಿ ಒಪ್ಪಿಸಲು ಸಿದ್ಧ ಎಂದು ಜ್ಞಾಪನಾಪತ್ರ ಹಾಕಿಸಿ. ಆಕೆಯ ಪ್ರಮಾಣಪತ್ರಗಳು, ಅಂಕಪಟ್ಟಿಗಳು, ಆಧಾರ್ ನಿಮ್ಮ ಮನೆಯಲ್ಲಿದ್ದರೆ ಕೇಳುವ ಮೊದಲೇ ವಕೀಲರ ಮೂಲಕ ಕೊಟ್ಟುಬಿಡಿ. ಬಂಗಾರದ ವಿಷಯದಲ್ಲಿ ನಿಮ್ಮ ಬಳಿ ಇರುವುದೆಷ್ಟು, ಅವರು ಒಯ್ದಿರುವುದೆಷ್ಟು ಎಂಬುದನ್ನು ಮದುವೆಯ ಫೋಟೊ ಮತ್ತು ಅಂಗಡಿಯ ಪಾವತಿ ನೋಡಿ ಬರೆಯಿರಿ, ನೆನಪಿನಿಂದ ಬರೆಯಬೇಡಿ.

ಸಮಾಲೋಚಕಿ (ಯಾದಗಿರಿ)

ಅಂಕಪಟ್ಟಿಯ ಮಾತು ಬಂದದ್ದು ಒಳ್ಳೆಯದಾಯಿತು. ಎಷ್ಟೋ ಹೆಣ್ಣುಮಕ್ಕಳು ತಮ್ಮ ಹತ್ತನೇ ತರಗತಿಯ ಅಂಕಪಟ್ಟಿಗಾಗಿ ತಿಂಗಳುಗಟ್ಟಲೆ ಅಲೆದದ್ದನ್ನು ನೋಡಿದ್ದೇನೆ. ಗಂಡನ ಮನೆಯವರು ಅದನ್ನು ಒತ್ತೆಯಂತೆ ಇಟ್ಟುಕೊಂಡಿದ್ದರು.

ಕಾಗಿಣಾ ದಂಡೆಯವರಿಗೆ ಒಂದು ಪ್ರಶ್ನೆ ಕೇಳುತ್ತೇನೆ, ಇಲ್ಲಿ ಉತ್ತರಿಸಬೇಕಾಗಿಲ್ಲ. ನಿಮ್ಮ ತಮ್ಮ ಆಕೆಯ ಮೇಲೆ ಕೈ ಮಾಡಿದ್ದು ಉಂಟೇ? ಮನೆಯವರ ಮುಂದೆ ಆತ ಇಲ್ಲವೆನ್ನಬಹುದು. ವಕೀಲರ ಕೋಣೆಯಲ್ಲಿ, ನೀವೂ ತಾಯಿಯೂ ಹೊರಗೆ ಕೂತಿರುವಾಗ, ಆತ ನಿಜ ಹೇಳಲಿ. ಒಂದು ಸಲ ನಡೆದದ್ದನ್ನು ಒಪ್ಪಿಕೊಂಡು, ನಡೆಯದ್ದನ್ನು ಅಲ್ಲಗಳೆದು, ಮುಂದೆ ಹಾಗಾಗುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಟ್ಟು, ಸಮಾಲೋಚನೆಗೆ ಒಪ್ಪಿದ ಗಂಡಸರ ಸಂಸಾರ ಕೂಡಿದ್ದೂ ಇದೆ. ಕೂಡದೆ ಹೋದಲ್ಲಿ ಜಗಳವಿಲ್ಲದೆ ಬೇರೆಯಾದದ್ದೂ ಇದೆ.

ಕಾರಂಜಾ (ಬೀದರ್)

ರಾಜಿಯಾದರೆ ಠಾಣೆಯ ಕೇಸು ಏನಾಗುತ್ತದೆ, ವಕೀಲ ಸಾಹೇಬರೇ? ನಮ್ಮವರು ಬಾಂಡ್ ಪೇಪರಿನ ಮೇಲೆ ಬರೆಸಿಕೊಂಡು ಮುಗಿಯಿತೆಂದು ತಿಳಿದಿದ್ದರು, ಒಂದು ವರ್ಷದ ಮೇಲೆ ಸಮನ್ಸ್ ಬಂತು.

ವಕೀಲರು, ಕಲಬುರಗಿ

ಬಾಂಡ್ ಪೇಪರಿನ ಒಪ್ಪಂದದಿಂದ ಕ್ರಿಮಿನಲ್ ಕೇಸು ಮುಗಿಯುವುದಿಲ್ಲ. 498ಎ ಅಥವಾ 85ನೇ ಕಲಮಿನ ಅಪರಾಧ ಕೆಳಗಿನ ನ್ಯಾಯಾಲಯದಲ್ಲಿ ರಾಜಿಯಾಗುವಂಥದ್ದಲ್ಲ. ಇಬ್ಬರೂ ಒಪ್ಪಿದ ಮೇಲೆ ಜಂಟಿ ಪ್ರಮಾಣಪತ್ರದೊಂದಿಗೆ ಕಲಬುರಗಿ ಪೀಠಕ್ಕೆ ಹೋಗಿ ರದ್ದುಪಡಿಸಿಕೊಳ್ಳಬೇಕು. ವೈವಾಹಿಕ ವ್ಯಾಜ್ಯಗಳಲ್ಲಿ ಹೀಗೆ ಮಾಡಬಹುದೆಂದು 2003ರ ಬಿ.ಎಸ್. ಜೋಷಿ, 2012ರ ಜ್ಞಾನ್ ಸಿಂಗ್ ತೀರ್ಪುಗಳಿಂದ ಸ್ಪಷ್ಟವಾಗಿದೆ. ರಕ್ಷಣಾ ಆದೇಶವೂ ಅಷ್ಟೆ. ಗಂಡ ಹೆಂಡತಿ ಮತ್ತೆ ಕೂಡಿ ಬಾಳತೊಡಗಿದರೂ ನ್ಯಾಯಾಲಯ ತೆಗೆದುಹಾಕುವವರೆಗೆ ಅದು ಜಾರಿಯಲ್ಲಿರುತ್ತದೆ. ಸನ್ನಿವೇಶ ಬದಲಾಗಿದೆ ಎಂದು ಕೌಟುಂಬಿಕ ಹಿಂಸೆ ಕಾಯ್ದೆಯ 25(2)ರಡಿ ಎರಡೂ ಕಡೆಯವರಲ್ಲಿ ಯಾರೇ ಅರ್ಜಿ ಹಾಕಬಹುದು. ಆದರೆ ಆ ಬದಲಾವಣೆ ಆದೇಶದ ನಂತರ ಆಗಿದ್ದಾಗಿರಬೇಕೆಂದು ಕರ್ನಾಟಕದಿಂದಲೇ ಹೋದ ವಿಜಿಕುಮಾರಿ ಪ್ರಕರಣದಲ್ಲಿ 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಕಾಗಿಣಾ ದಂಡೆ (ಚಿತ್ತಾಪುರ ತಾಲ್ಲೂಕು)

ಬಸವಕಲ್ಯಾಣದಲ್ಲಿ ವಕೀಲರನ್ನು ಗೊತ್ತು ಮಾಡಿ ನಾಲ್ವರ ವಕಾಲತ್ತಿಗೂ ಸಹಿ ಹಾಕಿಸಿದ್ದೇನೆ. ತಂಗಿಯ ಆಕ್ಷೇಪಣೆ ಬೇರೆಯಾಗಿಯೇ ಸಿದ್ಧವಾಗುತ್ತಿದೆ. ತಮ್ಮ ರಜೆ ಹಾಕಿ ಬಂದು ವಕೀಲರೊಡನೆ ಒಬ್ಬನೇ ಕೂತು ಮಾತಾಡಿದ್ದಾನೆ. ಏನು ಹೇಳಿದನೆಂದು ನಾನು ಕೇಳಿಲ್ಲ. ಕೊನೆಯದಾಗಿ ಒಂದು: ಮಧ್ಯಂತರ ಆದೇಶದಲ್ಲಿ ಜಂಟಿ ಖಾತೆ ಮುಟ್ಟಬಾರದೆಂದಿದೆ, ಆದರೆ ಮನೆಸಾಲದ ಕಂತು ಅದೇ ಖಾತೆಯಿಂದ ಹೋಗುತ್ತದೆ. ಕಂತು ತಪ್ಪಿದರೆ ಇಬ್ಬರಿಗೂ ನಷ್ಟ.

ವಕೀಲರು, ಕಲಬುರಗಿ

ನೀವಾಗಿಯೇ ತೀರ್ಮಾನಿಸಿ ಹಣ ತೆಗೆಯಬೇಡಿ. ಬ್ಯಾಂಕಿನಿಂದ ಸಾಲದ ಖಾತೆಯ ವಿವರ ಮತ್ತು ಕಂತಿನ ದಿನಾಂಕದ ಪತ್ರ ಪಡೆದು, ಕಂತಿನ ಮಟ್ಟಿಗೆ ಆದೇಶವನ್ನು ಮಾರ್ಪಡಿಸಬೇಕೆಂದು ಮುಂದಿನ ತಾರೀಖಿಗೆ ಕಾಯದೆ ಅರ್ಜಿ ಹಾಕಿಸಿ. ಎದುರು ವಕೀಲರಿಗೂ ಪ್ರತಿ ಕೊಡಿಸಿ, ಇದಕ್ಕೆ ಅವರು ಬಹುಶಃ ತಕರಾರು ಮಾಡಲಿಕ್ಕಿಲ್ಲ. ಅರ್ಜಿ ತೀರ್ಮಾನವಾಗುವವರೆಗೆ ತಮ್ಮನ ಬೇರೆ ಖಾತೆಯಿಂದ ನೇರವಾಗಿ ಸಾಲದ ಖಾತೆಗೆ ಕಂತು ಕಟ್ಟಿ, ರಸೀದಿ ಇಟ್ಟುಕೊಳ್ಳಿ. ಮಧ್ಯಂತರ ಆದೇಶದ ಯಾವುದಾದರೂ ಭಾಗವನ್ನು ಮೇಲ್ಮನವಿಯಲ್ಲಿ ಪ್ರಶ್ನಿಸುವ ವಿಚಾರವಿದ್ದರೆ, 29ನೇ ಕಲಮಿನ 30 ದಿನಗಳ ಗಡುವು ಆದೇಶ ತಲುಪಿದ ದಿನದಿಂದ ಎಣಿಕೆಯಾಗುತ್ತದೆ. ಆದ್ದರಿಂದ ನೋಟಿಸ್ ಬಂದ ಲಕೋಟೆಯನ್ನು ಬಿಸಾಡಬೇಡಿ, ದೃಢೀಕೃತ ನಕಲಿಗೆ ನಾಳೆಯೇ ಅರ್ಜಿ ಕೊಡಿಸಿ.